ಗುಲ್ಲಾ: ಒಂದು ಜನದ ಹೆಸರು ಎಲ್ಲಿಂದ ಬಂತು?

ಅಮೆರಿಕದ ದಕ್ಷಿಣ ಕೆರೊಲೈನಾ ಮತ್ತು ಜಾರ್ಜಿಯಾ ರಾಜ್ಯಗಳ ಕರಾವಳಿಗೆ ಅಂಟಿಕೊಂಡಂತೆ ನೂರಕ್ಕೂ ಹೆಚ್ಚು ಸಣ್ಣಪುಟ್ಟ ದ್ವೀಪಗಳಿವೆ. ಇವುಗಳಿಗೆ ಸೀ ಐಲ್ಯಾಂಡ್ಸ್ ಎಂದು ಹೆಸರು. ಸುತ್ತ ಉಪ್ಪುನೀರಿನ ಜೌಗು, ನಡುವೆ ದೊಡ್ಡ ದೊಡ್ಡ ಓಕ್ ಮರಗಳು, ನದಿ ದಡದಲ್ಲಿ ಹಳೆಯ ಭತ್ತದ ಗದ್ದೆಗಳ ಗುರುತು. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾದಿಂದ ಹಿಡಿದು ತಂದವರ ಮಕ್ಕಳು ಮೊಮ್ಮಕ್ಕಳು ಮುನ್ನೂರು ವರ್ಷಗಳಿಂದ ಇಲ್ಲಿ ಬದುಕುತ್ತಿದ್ದಾರೆ. ದಕ್ಷಿಣ ಕೆರೊಲೈನಾದಲ್ಲಿ ಇವರನ್ನು ಗುಲ್ಲಾ ಎನ್ನುತ್ತಾರೆ, ಜಾರ್ಜಿಯಾ ಕಡೆ ಗೀಚಿ ಎನ್ನುತ್ತಾರೆ. ಇವರ ಮಾತಿಗೂ ಅದೇ ಹೆಸರು. (ಕನ್ನಡದ ಗುಲ್ಲಿಗೂ ಇದಕ್ಕೂ ಯಾವ ನಂಟೂ ಇಲ್ಲ.)

ಆ ಮಾತು ಒಂದು ಕ್ರಿಯೋಲ್ ಭಾಷೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಜನ ಒಂದೇ ಕಡೆ ಸೇರಿದಾಗ, ಅದರಲ್ಲೂ ಬಲವಂತವಾಗಿ ಸೇರಿಸಿದಾಗ, ಕೈಗೆ ಸಿಕ್ಕ ಪದಗಳಿಂದ ಹೊಸ ಮಾತು ಕಟ್ಟಿಕೊಳ್ಳುತ್ತಾರೆ. ಅದನ್ನೇ ಕೇಳಿ ಬೆಳೆದ ಮಕ್ಕಳಿಗೆ ಅದು ತಾಯ್ನುಡಿಯಾಗುತ್ತದೆ. ಪೂರ್ತಿ ವ್ಯಾಕರಣವಿರುವ, ಎಲ್ಲವನ್ನೂ ಹೇಳಬಲ್ಲ ಭಾಷೆಯಾಗುತ್ತದೆ. ಗುಲ್ಲಾದಲ್ಲಿ ಬಹುಪಾಲು ಪದಗಳು ಇಂಗ್ಲಿಷಿನವು. ಆದರೆ ವಾಕ್ಯ ಕಟ್ಟುವ ರೀತಿ, ಧ್ವನಿಯ ಏರಿಳಿತ, ಮನೆಯೊಳಗೆ ಕರೆಯುವ ಹೆಸರುಗಳು, ಇವುಗಳಲ್ಲೆಲ್ಲ ಆಫ್ರಿಕಾ ಉಳಿದಿದೆ.

ಹಾಗಾದರೆ ಗುಲ್ಲಾ ಅಂದರೆ ಏನು? ಈ ಪ್ರಶ್ನೆಗೆ ಎರಡು ಮುಖ್ಯ ಉತ್ತರಗಳಿವೆ. ಒಂದು ಅಂಗೋಲಾದ ಕಡೆ ಬೆರಳು ತೋರಿಸುತ್ತದೆ. ಇನ್ನೊಂದು ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಲೈಬೀರಿಯಾದ ಕಡೆ. ಎರಡಕ್ಕೂ ಒಳ್ಳೆಯ ಆಧಾರ ಇದೆ. ಯಾವುದು ಸರಿ ಎಂದು ತೀರ್ಮಾನಿಸುವ ಆತುರ ಬೇಡ. ಈ ಎರಡು ದಾರಿಗಳನ್ನು ಹಿಡಿದು ಹೊರಟರೆ ಆ ಜನರ ಚರಿತ್ರೆಯೇ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ.

ಮೊದಲು ಅಂಗೋಲಾ. ಇಂದಿನ ಅಂಗೋಲಾದ ಉತ್ತರ ಭಾಗದಲ್ಲಿ ಎನ್‌ಡೊಂಗೊ ಎಂಬ ರಾಜ್ಯವಿತ್ತು. ಅಲ್ಲಿನ ಜನರ ಭಾಷೆ ಕಿಂಬುಂಡು. ಅವರ ರಾಜನ ಬಿರುದು ಎನ್‌ಗೋಲಾ. ಹದಿನಾರನೇ ಶತಮಾನದ ಕೊನೆಯಲ್ಲಿ ಪೋರ್ಚುಗೀಸರು ಲುಆಂಡಾದಲ್ಲಿ ನೆಲೆ ಊರಿದರು. ರಾಜನ ಬಿರುದನ್ನೇ ನೆಲದ ಹೆಸರು ಮಾಡಿಕೊಂಡರು. ಅಂಗೋಲಾ ಎಂಬ ಹೆಸರು ಹುಟ್ಟಿದ್ದು ಹಾಗೆ.

ಗುಲಾಮರ ವ್ಯಾಪಾರಕ್ಕೆ ಇಳಿದ ಇಂಗ್ಲಿಷರು ಇದೇ ಹೆಸರನ್ನು ಎತ್ತಿಕೊಂಡರು. ಆದರೆ ಲುಆಂಡಾ ಪೋರ್ಚುಗೀಸರ ಹಿಡಿತದಲ್ಲಿತ್ತು. ಇಂಗ್ಲಿಷ್ ಹಡಗುಗಳು ಜಾಸ್ತಿ ಹೋಗುತ್ತಿದ್ದದ್ದು ಕಾಂಗೋ ನದಿಯ ಉತ್ತರಕ್ಕಿರುವ ಲೊಆಂಗೊ, ಮಲೆಂಬೊ, ಕಬಿಂಡಾ ಬಂದರುಗಳಿಗೆ. ಆ ಇಡೀ ತೀರವನ್ನೂ ಅವರು ಅಂಗೋಲಾ ಎಂದೇ ಬರೆದುಕೊಂಡರು. ಅಲ್ಲಿಂದ ಬಂದ ಎಷ್ಟೋ ಜನರ ಭಾಷೆ ಕಿಂಬುಂಡು ಅಲ್ಲ, ಕಿಕಾಂಗೊ. ಅವರು ಎನ್‌ಗೋಲಾನ ಪ್ರಜೆಗಳೇ ಅಲ್ಲ. ಅಂದರೆ ಅಟ್ಲಾಂಟಿಕ್ ದಾಟುವ ಮೊದಲೇ ಈ ಹೆಸರು ಎರಡು ಸಲ ಅರ್ಥ ಬದಲಿಸಿತ್ತು. ರಾಜನ ಬಿರುದು ನಾಡಿನ ಹೆಸರಾಯಿತು, ನಾಡಿನ ಹೆಸರು ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿ ಒಂದು ಗುರುತುಚೀಟಿಯಾಯಿತು.

ದಕ್ಷಿಣ ಕೆರೊಲೈನಾದಲ್ಲಿ ಇಂಗ್ಲಿಷರ ವಸಾಹತು ಶುರುವಾದದ್ದು 1670ರಲ್ಲಿ. ಮೊದಲು ಬಂದ ಜಮೀನುದಾರರಲ್ಲಿ ಬಹಳ ಮಂದಿ ಕೆರಿಬಿಯನ್ನಿನ ಬಾರ್ಬಡೋಸ್‌ನಿಂದ ತಮ್ಮ ಗುಲಾಮರನ್ನೂ ಕರೆದುಕೊಂಡು ಬಂದವರು. ಆಮೇಲೆ ಭತ್ತ ಬೆಳೆಯುವುದು ಶುರುವಾಯಿತು. ಭತ್ತಕ್ಕೆ ಕೈಗಳು ಬೇಕು. 1708ರ ಹೊತ್ತಿಗೆ ಅಲ್ಲಿ ಬಿಳಿಯರಿಗಿಂತ ಕಪ್ಪು ಜನರೇ ಹೆಚ್ಚಾಗಿದ್ದರು. 1730ರ ದಶಕದಲ್ಲಿ ಚಾರ್ಲ್ಸ್‌ಟನ್ ಬಂದರಿಗೆ ತಂದ ಗುಲಾಮರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈ 'ಅಂಗೋಲಾ' ತೀರದವರು. ಅಂಗೋಲಾದಿಂದ ಬಂದವರು ಎಂದು ಹೇಳಿ ಹೇಳಿ ಆ ಪದ ಬಾಯಲ್ಲಿ ಸವೆದು ಗೋಲಾ, ಗುಲ್ಲಾ ಆಗಿದ್ದರೆ ಆಶ್ಚರ್ಯ ಏನಿಲ್ಲ. ಮೊದಲಿನ ಸ್ವರ ಬಿದ್ದು ಹೋಗುವುದು ಕ್ರಿಯೋಲ್ ಭಾಷೆಗಳಲ್ಲಿ ದಿನನಿತ್ಯದ ಸಂಗತಿ. ಮೂಲ ಪದವಾದ ಎನ್‌ಗೋಲಾದಲ್ಲಿ ಆ 'ಅ' ಇರಲೂ ಇಲ್ಲ.

ಇಲ್ಲಿ 1739ರ ಒಂದು ಘಟನೆಯನ್ನು ಹೇಳಲೇಬೇಕು. ಆ ವರ್ಷ ಸೆಪ್ಟೆಂಬರ್ 9ರಂದು ಚಾರ್ಲ್ಸ್‌ಟನ್ ಹತ್ತಿರದ ಸ್ಟೋನೊ ನದಿಯ ಬಳಿ ಸುಮಾರು ಇಪ್ಪತ್ತು ಮಂದಿ ಗುಲಾಮರು ದಂಗೆ ಎದ್ದರು. ಆಯುಧದ ಅಂಗಡಿಗೆ ನುಗ್ಗಿ ಬಂದೂಕು ತೆಗೆದುಕೊಂಡರು. ಸ್ಪೇನಿನವರ ಕೈಯಲ್ಲಿದ್ದ ಫ್ಲಾರಿಡಾಗೆ ಹೋದರೆ ಬಿಡುಗಡೆ ಸಿಗುತ್ತದೆ ಎಂದು ದಕ್ಷಿಣಕ್ಕೆ ಹೊರಟರು. ದಾರಿಯಲ್ಲಿ ಇನ್ನೂ ಹಲವರು ಸೇರಿಕೊಂಡರು. ಅವರ ಮುಂದಾಳು ಜೆಮ್ಮಿ. ಆ ಕಾಲದ ಒಂದು ವರದಿ ಇವರನ್ನು ಅಂಗೋಲಾದವರು ಎನ್ನುತ್ತದೆ. ಜೊತೆಗೆ ಇವರಿಗೆ ಪೋರ್ಚುಗೀಸ್ ಗೊತ್ತಿತ್ತು, ಇವರು ಕ್ಯಾಥೊಲಿಕರು ಎಂಬ ಸುಳಿವೂ ಅದರಲ್ಲಿದೆ. ಇದನ್ನು ನೋಡಿ ಇತಿಹಾಸಕಾರ ಜಾನ್ ಥಾರ್ನ್‌ಟನ್ ಇವರು ನಿಜವಾಗಿ ಕಾಂಗೋ ರಾಜ್ಯದವರು ಎಂದು ವಾದಿಸಿದರು. ಕಾಂಗೋದ ಅರಸರು ಆಗಲೇ ಇನ್ನೂರು ವರ್ಷಕ್ಕೂ ಹಿಂದೆ ಕ್ರೈಸ್ತರಾಗಿದ್ದರು. ಈ ವಾದ ನನಗೆ ಒಪ್ಪಿಗೆಯಾಗುತ್ತದೆ. ವರದಿ ಬರೆದವರಿಗೆ ಅಂಗೋಲಾ ಎಂದರೆ ಸುಮ್ನೆ 'ಆ ಕಡೆಯವರು' ಎಂದಷ್ಟೇ ಅರ್ಥ.

ದಂಗೆಯನ್ನು ರಕ್ತ ಹರಿಸಿ ಅಡಗಿಸಿದರು. ಮುಂದಿನ ವರ್ಷ ಕಠಿಣ ಕಾನೂನು ಬಂತು. ಹೊಸ ಗುಲಾಮರನ್ನು ತರುವುದರ ಮೇಲೆ ಭಾರಿ ಸುಂಕ ಬಿತ್ತು. 1740ರ ದಶಕದಲ್ಲಿ ಹಡಗುಗಳು ತುಂಬಾ ಕಡಿಮೆಯಾದವು. ವ್ಯಾಪಾರ ಮತ್ತೆ ಚಿಗುರಿದಾಗ ಜಮೀನುದಾರರ ಕಣ್ಣು ಬೇರೆ ತೀರದ ಮೇಲೆ ಬಿದ್ದಿತ್ತು. ಎರಡನೇ ಉತ್ತರ ಶುರುವಾಗುವುದು ಇಲ್ಲಿಂದ.

ಸೆನೆಗಲ್‌ನಿಂದ ಗಿನಿ, ಸಿಯೆರಾ ಲಿಯೋನ್ ದಾಟಿ ಲೈಬೀರಿಯಾವರೆಗೆ ಹಬ್ಬಿದ ಪಶ್ಚಿಮ ಆಫ್ರಿಕಾದ ತೀರವನ್ನು ಭತ್ತದ ತೀರ ಎಂದೇ ಕರೆಯುತ್ತಾರೆ. ಯುರೋಪಿನವರು ಕಾಲಿಡುವ ಎಷ್ಟೋ ಶತಮಾನ ಮೊದಲೇ ಅಲ್ಲಿನ ರೈತರು ಜೌಗಿನಲ್ಲಿ ಬದು ಕಟ್ಟಿ, ಉಬ್ಬರ ಇಳಿತದ ಲೆಕ್ಕ ಇಟ್ಟು, ಉಪ್ಪು ತೊಳೆದು ಭತ್ತ ಬೆಳೆಯುತ್ತಿದ್ದರು. ಕೆರೊಲೈನಾದ ಜಮೀನುದಾರರಿಗೆ ಇದು ಗೊತ್ತಿತ್ತು. ಚಾರ್ಲ್ಸ್‌ಟನ್ನಿನ ಜಾಹೀರಾತುಗಳು ಮಾರಾಟಕ್ಕಿಟ್ಟ ಮನುಷ್ಯರು ಭತ್ತದ ನಾಡಿನವರು ಎಂದು ಎತ್ತಿ ಹೇಳುತ್ತಿದ್ದವು. ಸಿಯೆರಾ ಲಿಯೋನ್ ನದಿಯಲ್ಲಿರುವ ಬನ್ಸ್ ದ್ವೀಪದ ಕೋಟೆಯಿಂದ ಸ್ಕಾಟ್ಲೆಂಡ್ ಮೂಲದ ವ್ಯಾಪಾರಿ ರಿಚರ್ಡ್ ಆಸ್ವಾಲ್ಡ್ ಮತ್ತು ಅವನ ಪಾಲುದಾರರು ಜನರನ್ನು ಹಡಗಿಗೆ ತುಂಬುತ್ತಿದ್ದರು. ಚಾರ್ಲ್ಸ್‌ಟನ್ನಿನಲ್ಲಿ ಹೆನ್ರಿ ಲಾರೆನ್ಸ್ ಕಮಿಷನ್ ತೆಗೆದುಕೊಂಡು ಮಾರುತ್ತಿದ್ದ. ಕೆರೊಲೈನಾದ ಭತ್ತದ ಸಂಪತ್ತಿನಲ್ಲಿ ಆಫ್ರಿಕನ್ನರ ಈ ಜ್ಞಾನದ ಪಾಲು ಎಷ್ಟು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ನಡೆಯುತ್ತಿದೆ. ಒನಕೆಯಿಂದ ಕುಟ್ಟಿದ ರೀತಿ, ಹೊಟ್ಟು ತೂರಲು ಹೆಣೆದ ಹುಲ್ಲಿನ ಮೊರ, ಇವೆಲ್ಲ ಆ ತೀರದಿಂದ ಬಂದವು ಎಂಬುದರಲ್ಲಿ ಮಾತ್ರ ಅನುಮಾನ ಬೇಡ. ಚಾರ್ಲ್ಸ್‌ಟನ್ ರಸ್ತೆ ಬದಿಯಲ್ಲಿ ಇವತ್ತೂ ಗುಲ್ಲಾ ಹೆಂಗಸರು ಮಾರುವ ಸ್ವೀಟ್‌ಗ್ರಾಸ್ ಬುಟ್ಟಿಗಳು ಅದೇ ಹೆಣಿಗೆಯ ಮುಂದುವರಿಕೆ.

ಈ ಭತ್ತದ ತೀರದಲ್ಲಿ, ಇಂದಿನ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಗಡಿಯ ಕಾಡುಗಳಲ್ಲಿ ಗೋಲಾ ಎಂಬ ಜನರಿದ್ದಾರೆ. ಗುಲಾ ಎಂದೂ ಅವರನ್ನು ಬರೆದದ್ದುಂಟು. ಹೆಸರು ಗುಲ್ಲಾಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಯಾವ ಅಕ್ಷರವನ್ನೂ ಬೀಳಿಸಬೇಕಿಲ್ಲ, ಸೇರಿಸಬೇಕಿಲ್ಲ. ಧ್ವನಿಯನ್ನು ಮಾತ್ರ ನೋಡುವುದಾದರೆ ಈ ಉತ್ತರವೇ ಗೆಲ್ಲುತ್ತದೆ. ಗೋಲಾ ಜನರ ಸುತ್ತಮುತ್ತ ಇರುವ ಮೆಂಡೆ, ವಾಯಿ, ಕಿಸ್ಸಿ ಜನರ ಭಾಷೆ ಮತ್ತು ಪದ್ಧತಿಗಳ ಗುರುತು ಸೀ ಐಲ್ಯಾಂಡ್ಸ್‌ನಲ್ಲಿ ದಟ್ಟವಾಗಿ ಸಿಕ್ಕಿರುವುದು ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಇವೆರಡರ ಹೊರಗೂ ಊಹೆಗಳಿವೆ. ಪಶ್ಚಿಮ ಆಫ್ರಿಕಾದ ಮುಸ್ಲಿಂ ವ್ಯಾಪಾರಿಗಳಾದ ಡ್ಯೂಲಾ ಜನರ ಹೆಸರಿನಿಂದ ಬಂದಿರಬಹುದು ಎನ್ನುವವರಿದ್ದಾರೆ. ಜಾರ್ಜಿಯಾ ಕರಾವಳಿಯ ಮೂಲನಿವಾಸಿಗಳ ನಾಡಾದ ಗ್ವಾಲೆಯಿಂದ ಬಂದಿದೆ ಎನ್ನುವವರೂ ಇದ್ದಾರೆ. ಇವುಗಳ ಹಿಂದೆ ಹೋಲಿಕೆ ಬಿಟ್ಟರೆ ಗಟ್ಟಿ ಆಧಾರ ನನಗೆ ಕಾಣುವುದಿಲ್ಲ.

ಅಂಗೋಲಾ ಪಕ್ಷಕ್ಕೆ ಕಾಗದದ ಆಧಾರ ಸಿಗುವುದು 1822ರಲ್ಲಿ. ಚಾರ್ಲ್ಸ್‌ಟನ್ನಿನಲ್ಲಿ ಡೆನ್ಮಾರ್ಕ್ ವೆಸಿ ಎಂಬ ಬಡಗಿ ದೊಡ್ಡ ದಂಗೆಯ ಯೋಜನೆ ಹಾಕಿದ್ದ. ಲಾಟರಿಯಲ್ಲಿ ಗೆದ್ದ ಹಣದಿಂದ ತನ್ನ ಬಿಡುಗಡೆಯನ್ನು ಕೊಂಡುಕೊಂಡವನು ಅವನು. ಯೋಜನೆ ಮೊದಲೇ ಬಯಲಾಯಿತು. ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬ ಗುಲ್ಲಾ ಜ್ಯಾಕ್. ಮಾಟ ಮಂತ್ರ ಬಲ್ಲವನು, ಅವನಿಗೆ ಸಾವೇ ಇಲ್ಲ ಎಂದು ಜನ ನಂಬಿದ್ದರು. ಆಫ್ರಿಕಾದಲ್ಲಿ ಹುಟ್ಟಿ ಬಂದವರನ್ನು ಒಟ್ಟುಗೂಡಿಸುವುದು ಅವನ ಕೆಲಸ. ಆ ವಿಚಾರಣೆಯ ಸುತ್ತಲಿನ ಬರಹಗಳಲ್ಲಿ ಗುಲ್ಲಾ ಎಂದರೂ ಅಂಗೋಲಾದವರು ಎಂದರೂ ಒಂದೇ ಎಂಬಂತೆ ಬಳಸಿದ್ದಾರೆ. ಅಂದರೆ ಆ ಊರಿನ ಬಿಳಿಯರ ಕಿವಿಯಲ್ಲಿ ಆ ಹೊತ್ತಿಗೆ ಗುಲ್ಲಾ ಅಂದರೆ ಅಂಗೋಲಾ. ಇಷ್ಟಕ್ಕೇ ನಿಲ್ಲಿಸಿದರೆ ಪ್ರಶ್ನೆ ಬಗೆಹರಿದಂತೆಯೇ, ಅಲ್ವಾ?

ಆದರೆ ಜ್ಯಾಕ್‌ನನ್ನು ಮೊದಲು ಕೊಂಡು ತಂದವನು ಜೆಫನಾಯಾ ಕಿಂಗ್ಸ್‌ಲಿ ಎಂಬ ವ್ಯಾಪಾರಿ. ಅವನನ್ನು ತಾನು ಕೊಂಡದ್ದು ಜಾಂಜಿಬಾರ್‌ನಲ್ಲಿ, ಯುದ್ಧದಲ್ಲಿ ಸೆರೆಸಿಕ್ಕವನಾಗಿ ಎಂದು ಕಿಂಗ್ಸ್‌ಲಿ ಬರೆದಿದ್ದಾನೆ. ಮಾಟದ ಸಾಮಾನುಗಳ ಚೀಲವನ್ನು ಹಡಗಿನಲ್ಲೂ ಜ್ಯಾಕ್ ಬಿಟ್ಟಿರಲಿಲ್ಲವಂತೆ. ಜಾಂಜಿಬಾರ್ ಇರುವುದು ಆಫ್ರಿಕಾದ ಪೂರ್ವ ತೀರದಲ್ಲಿ, ಹಿಂದೂ ಮಹಾಸಾಗರದಲ್ಲಿ. ಅಂಗೋಲಾ ಇರುವುದು ಪಶ್ಚಿಮಕ್ಕೆ. ಕಿಂಗ್ಸ್‌ಲಿಯ ಮಾತು ನಿಜವಾದರೆ, ಚರಿತ್ರೆಯಲ್ಲಿ ಗುಲ್ಲಾ ಎಂದು ಅತಿ ಹೆಚ್ಚು ಹೆಸರಾದ ಮನುಷ್ಯ ಅಂಗೋಲಾದವನೂ ಅಲ್ಲ, ಲೈಬೀರಿಯಾದ ಗೋಲಾನೂ ಅಲ್ಲ. ಅವನ ಕಾಲಕ್ಕೆ ಗುಲ್ಲಾ ಎನ್ನುವುದು ನೇರವಾಗಿ ಆಫ್ರಿಕಾದಿಂದ ಬಂದವನು, ಇಲ್ಲಿ ಹುಟ್ಟಿದವನಲ್ಲ ಎಂಬಷ್ಟು ಹಿಗ್ಗಿತ್ತು ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಸ್ವಲ್ಪ ಮೊದಲಿನ ನಾಲ್ಕು ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊರದೇಶದಿಂದ ಗುಲಾಮರನ್ನು ತರುವುದು 1808ರ ಜನವರಿ 1ರಿಂದ ಅಮೆರಿಕದಲ್ಲಿ ಅಪರಾಧವಾಗಲಿತ್ತು. ಅದಕ್ಕೆ ಮೊದಲೇ ಬಾಚಿಕೊಳ್ಳೋಣ ಎಂದು ದಕ್ಷಿಣ ಕೆರೊಲೈನಾ 1803ರ ಕೊನೆಯಲ್ಲಿ ತನ್ನ ಬಂದರನ್ನು ಮತ್ತೆ ತೆರೆಯಿತು. ಸುಮಾರು 40,000 ಜನರನ್ನು ತಂದು ಇಳಿಸಿದರು. ಅವರಲ್ಲಿ ಕಾಂಗೋ ಮತ್ತು ಅಂಗೋಲಾ ತೀರದವರು ಮತ್ತೆ ಬಹುದೊಡ್ಡ ಪಾಲು. ಹೀಗಾಗಿ ಒಂದು ಅಲೆ ಅಂಗೋಲಾ ಕಡೆಯಿಂದ, ನಡುವಿನದು ಭತ್ತದ ತೀರದಿಂದ, ಕೊನೆಯದು ಮತ್ತೆ ಅಂಗೋಲಾ ಕಡೆಯಿಂದ. ಒಟ್ಟಾರೆ ನೋಡಿದರೆ ಎರಡೂ ಕಡೆಯ ಪಾಲು ಹೆಚ್ಚುಕಡಿಮೆ ಸಮ.

ನನ್ನ ತಿಳಿವಳಿಕೆಯ ಮಟ್ಟಿಗೆ ಎರಡೂ ಉತ್ತರಗಳು ಸರಿ. ಒಂದೇ ತೋಟದಲ್ಲಿ ಅಂಗೋಲಾದವನೊಬ್ಬ, ಗೋಲಾ ಒಬ್ಬ ಪಕ್ಕಪಕ್ಕದಲ್ಲಿ ಭತ್ತ ಕುಯ್ಯುತ್ತಿದ್ದರು. ಬಿಳಿಯ ಮೇಸ್ತ್ರಿಯ ಕಿವಿಗೆ ಇಬ್ಬರ ಹೆಸರೂ ಒಂದೇ ಥರ ಕೇಳಿಸಿತು. ಎರಡು ಹಳ್ಳಗಳು ಸೇರಿದ ಮೇಲೆ ಕೆಳಗೆ ಹರಿಯುವ ನೀರನ್ನು ಇದು ಯಾವ ಹಳ್ಳದ್ದು ಎಂದು ಕೇಳಿದರೆ ಉತ್ತರ ಸಿಗದು. ಪದಗಳ ಲೋಕದಲ್ಲಿ ಹೀಗಾಗುವುದು ಅಪರೂಪವೇನಲ್ಲ. ಸಮಾನವಾಗಿ ಕೇಳಿಸುವ ಎರಡು ಹೆಸರುಗಳು ಒಂದನ್ನೊಂದು ಬಲಪಡಿಸಿ ಒಂದೇ ಆಗಿಬಿಡುತ್ತವೆ.

ಗೀಚಿಯ ಕಥೆಯೂ ಹೆಚ್ಚುಕಡಿಮೆ ಇದೇ. ಜಾರ್ಜಿಯಾದ ಸವಾನಾ ನಗರದ ದಕ್ಷಿಣಕ್ಕೆ ಓಗೀಚಿ ಎಂಬ ನದಿ ಹರಿಯುತ್ತದೆ. ಹೆಸರು ಅಲ್ಲಿನ ಮೂಲನಿವಾಸಿಗಳದ್ದು. ಅದರ ದಡದಲ್ಲಿ ದೊಡ್ಡ ಭತ್ತದ ತೋಟಗಳಿದ್ದವು. ಅಲ್ಲಿಯವರು ಗೀಚಿಗಳಾದರು ಎಂಬುದು ಒಂದು ಮಾತು. ಇನ್ನೊಂದು ಮಾತಿನ ಪ್ರಕಾರ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ ಮೂರೂ ಸೇರುವ ಕಡೆ ಇರುವ ಕಿಸ್ಸಿ ಜನರಿಂದ ಬಂತು. ಅವರ ಹೆಸರನ್ನು ಗಿಸಿ, ಗಿಜಿ ಎಂದೂ ಹೇಳುತ್ತಾರೆ.

ಹೆಸರು ಎಲ್ಲಿಂದ ಬಂತು ಎನ್ನುವಷ್ಟೇ ಮುಖ್ಯವಾದದ್ದು, ಅದನ್ನು ಯಾರು ಯಾರಿಗೆ ಹೇಳುತ್ತಿದ್ದರು ಎನ್ನುವುದು. ಬಹಳ ಕಾಲ ದ್ವೀಪದ ಜನ ತಮ್ಮನ್ನು ತಾವು ಗುಲ್ಲಾ ಎಂದು ಕರೆದುಕೊಳ್ಳಲಿಲ್ಲ. ತಮ್ಮ ಮಾತಿಗೆ ಒಂದು ಹೆಸರು ಬೇಕು ಎಂದೇ ಅವರಿಗೆ ಅನ್ನಿಸಿರಲಿಲ್ಲ. ಹೆಸರಿಟ್ಟವರು ಹೊರಗಿನವರು. ಇಪ್ಪತ್ತನೇ ಶತಮಾನದ ಹೊತ್ತಿಗೆ ಗೀಚಿ ಎನ್ನುವುದು ಬೈಗುಳವಾಗಿತ್ತು. ಹಳ್ಳಿಗಮಾರ, ಮಾತು ಬಾರದವನು, ದಿನವೂ ಅನ್ನ ತಿನ್ನುವವನು ಎಂಬ ಹೀಯಾಳಿಕೆ ಅದರಲ್ಲಿತ್ತು. ಬೇರೆ ಊರಿನ ಕಪ್ಪು ಜನರೂ ಹೀಗೆ ಅನ್ನುತ್ತಿದ್ದರು. ಶಾಲೆಗಳಲ್ಲಿ ಮಕ್ಕಳ ಮನೆಮಾತನ್ನು ತಿದ್ದಿ ತಿದ್ದಿ ಬಾಯಿ ಮುಚ್ಚಿಸಿದರು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಹುಟ್ಟಿದ್ದು ಸವಾನಾ ಬಳಿಯ ಪಿನ್ ಪಾಯಿಂಟ್ ಎಂಬ ಗೀಚಿ ಹಳ್ಳಿಯಲ್ಲಿ. ಚಿಕ್ಕಂದಿನಲ್ಲಿ ಈ ಮಾತಿಗಾಗಿ ತಮ್ಮನ್ನು ಗೇಲಿ ಮಾಡುತ್ತಿದ್ದರು, ಹಾಗಾಗಿ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದು ರೂಢಿಯಾಯಿತು ಎಂದು ಅವರು 2000ದಲ್ಲಿ ವಿದ್ಯಾರ್ಥಿಗಳ ಮುಂದೆ ಹೇಳಿದರು. ಒಂದು ಮಗುವಿಗೆ ಅದರ ಮನೆಮಾತಿನ ಬಗ್ಗೆ ನಾಚಿಕೆ ಕಲಿಸುವುದು ದೊಡ್ಡ ಅನ್ಯಾಯ. ಇಲ್ಲಿ ಅದು ತಲೆಮಾರುಗಳ ಕಾಲ ನಡೆಯಿತು.

ವಿದ್ವಾಂಸರೂ ಕಡಿಮೆ ಇರಲಿಲ್ಲ. 1920ರ ದಶಕದಲ್ಲಿ ಗುಲ್ಲಾ ಬಗ್ಗೆ ಬರೆದ ಬಿಳಿಯ ಲೇಖಕರು ಅದನ್ನು ಕೆಟ್ಟುಹೋದ ಇಂಗ್ಲಿಷ್ ಎಂದರು. ಸೋಮಾರಿ ನಾಲಿಗೆಯ ಫಲ ಎಂದರು. ಇನ್ನು ಕೆಲವರು ಇದು ಹಳೆಯ ಇಂಗ್ಲೆಂಡಿನ ಹಳ್ಳಿಗರ ಇಂಗ್ಲಿಷ್, ಆಫ್ರಿಕಾದ್ದು ಇದರಲ್ಲಿ ಏನೂ ಇಲ್ಲ ಎಂದರು.

ಈ ಮಾತನ್ನು ತಲೆಕೆಳಗು ಮಾಡಿದವರು ಲೊರೆಂಜೊ ಡೌ ಟರ್ನರ್. ಅಮೆರಿಕದ ಮೊದಲ ಕಪ್ಪು ಭಾಷಾವಿಜ್ಞಾನಿ ಎಂದು ಅವರನ್ನು ಗುರುತಿಸುತ್ತಾರೆ. ಹಾರ್ವರ್ಡ್‌ನಲ್ಲಿ ಓದಿ, ಶಿಕಾಗೊದಲ್ಲಿ ಡಾಕ್ಟರೇಟ್ ಪಡೆದು ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 1929ರ ಬೇಸಿಗೆಯಲ್ಲಿ ದಕ್ಷಿಣ ಕೆರೊಲೈನಾದ ಆರೆಂಜ್‌ಬರ್ಗ್‌ನ ಕಾಲೇಜಿನಲ್ಲಿ ಪಾಠ ಮಾಡುವಾಗ ಕೆಲವು ವಿದ್ಯಾರ್ಥಿಗಳ ಮಾತು ಅವರ ಕಿವಿಗೆ ಬಿತ್ತು. ಇದು ಕೆಟ್ಟ ಇಂಗ್ಲಿಷ್ ಇರಲಾರದು ಎಂದು ಅವರಿಗೆ ಅನ್ನಿಸಿತು. 1930ರ ದಶಕದ ಮೊದಲಲ್ಲಿ ಭಾರವಾದ ರೆಕಾರ್ಡಿಂಗ್ ಯಂತ್ರ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋದರು. ಆಮೇಲೆ ಲಂಡನ್ನಿಗೆ ಹೋಗಿ ಪಶ್ಚಿಮ ಆಫ್ರಿಕಾದ ಭಾಷೆಗಳನ್ನು ಕಲಿತರು. ತಾವು ಕೇಳಿದ ಪದಗಳನ್ನು ಒಂದೊಂದಾಗಿ ಆಫ್ರಿಕಾದ ಭಾಷೆಗಳ ಪದಗಳ ಜೊತೆ ಇಟ್ಟು ನೋಡಿದರು. ಇದಕ್ಕೆ ಹಿಡಿದದ್ದು ಹದಿನೈದು ವರ್ಷಕ್ಕೂ ಹೆಚ್ಚು. 1949ರಲ್ಲಿ ಪುಸ್ತಕ ಬಂತು. ಅದರಲ್ಲಿ ಆಫ್ರಿಕಾ ಮೂಲದ ಮೂರು ಸಾವಿರಕ್ಕೂ ಹೆಚ್ಚು ಪದಗಳು ಮತ್ತು ಹೆಸರುಗಳಿದ್ದವು.

ಅವುಗಳಲ್ಲಿ ಹೆಚ್ಚಿನವು ಮನುಷ್ಯರ ಹೆಸರುಗಳು. ದ್ವೀಪದ ಪ್ರತಿ ಮಗುವಿಗೂ ಎರಡು ಹೆಸರು. ಶಾಲೆಯ ದಾಖಲೆಗೆ ಒಂದು ಇಂಗ್ಲಿಷ್ ಹೆಸರು. ಮನೆಯಲ್ಲಿ, ಕೇರಿಯಲ್ಲಿ ಕರೆಯಲು ಇನ್ನೊಂದು. ಇದನ್ನು ಬುಟ್ಟಿ ಹೆಸರು ಎನ್ನುತ್ತಾರೆ. ಹೊರಗಿನಿಂದ ಬಂದ ಬಿಳಿಯ ಸಂಶೋಧಕರಿಗೆ ಈ ಹೆಸರುಗಳನ್ನು ಯಾರೂ ಹೇಳುತ್ತಿರಲಿಲ್ಲ. ಆಫ್ರಿಕಾದ್ದು ಏನೂ ಉಳಿದಿಲ್ಲ ಎಂದು ಅವರು ಬರೆದದ್ದು ಅದಕ್ಕೇ. ಟರ್ನರ್ ಹಳ್ಳಿಯವರ ಜೊತೆ ಕೂತು, ಅವರ ವಿಶ್ವಾಸ ಗಳಿಸಿ ಕೇಳಿದರು. ಗುಲ್ಲಾ ಎಂಬ ಹೆಸರಿನ ವಿಚಾರದಲ್ಲೂ ಅವರು ಒಂದೇ ಮೂಲಕ್ಕೆ ಜೋತುಬೀಳಲಿಲ್ಲ. ಲೈಬೀರಿಯಾದ ಗೋಲಾ, ಅಂಗೋಲಾದ ಎನ್‌ಗೋಲಾ ಎರಡನ್ನೂ ಅಕ್ಕಪಕ್ಕ ಬರೆದಿಟ್ಟರು.

ಭಾಷೆಯೊಳಗಿನ ಪದಗಳೂ ಇದೇ ಬೆರಕೆಯನ್ನು ತೋರಿಸುತ್ತವೆ. ಕಡಲೆಕಾಯಿಗೆ ಗೂಬರ್ ಎನ್ನುತ್ತಾರೆ. ಇದು ಕಾಂಗೋ ಅಂಗೋಲಾ ಕಡೆಯ ಎನ್‌ಗುಬಾ. ಬೆಂಡೆಕಾಯಿಗೆ ಗಂಬೊ. ಅದೂ ಆ ಕಡೆಯದೇ. ಆಮೆಗೆ ಕೂಟರ್, ಇದು ಮಾಲಿ ಕಡೆಯ ಮಾಂಡಿಂಗ್ ಭಾಷೆಗಳ ಕುಟಾ. ಬಿಳಿಯನಿಗೆ ಬಕ್ರಾ, ಇದು ನೈಜೀರಿಯಾದ ಎಫಿಕ್ ಮತ್ತು ಇಬಿಬಿಯೊ ಭಾಷೆಗಳ ಎಂಬಕಾರಾ. ತಿನ್ನು ಎನ್ನಲು ನ್ಯಾಮ್. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಗುಲ್ಲಾದಲ್ಲಿ ಹಾಗಲ್ಲ. ಹಲವರನ್ನು ಕರೆದು ಹೇಳುವಾಗ ಊನಾ ಎಂಬ ಬೇರೆ ಪದ ಇದೆ. ನೈಜೀರಿಯಾದ ಇಗ್ಬೋ ಭಾಷೆಯ ಉನು ಇದರ ಮೂಲ ಎನ್ನುತ್ತಾರೆ. ಅವನು, ಅವಳು, ಅದು ಮೂರಕ್ಕೂ ಒಂದೇ 'ಇ' ಸಾಕು. ಕ್ರಿಯಾಪದಕ್ಕೆ ಮೊದಲು 'ಬಿನ್' ಇಟ್ಟರೆ ಆಗಿಹೋದದ್ದು. 'ದಾ' ಇಟ್ಟರೆ ಈಗ ನಡೆಯುತ್ತಿರುವುದು. ದೇ ದಾ ನ್ಯಾಮ್ ರೈಸ್ ಎಂದರೆ ಅವರು ಅನ್ನ ತಿನ್ನುತ್ತಿದ್ದಾರೆ. ಇದು ತಪ್ಪು ಇಂಗ್ಲಿಷ್ ಅಲ್ಲವೇ ಅಲ್ಲ. ಇದಕ್ಕೆ ಇದರದ್ದೇ ನಿಯಮ ಇದೆ, ಆ ನಿಯಮ ತಪ್ಪಿದರೆ ಗುಲ್ಲಾ ಅಜ್ಜಿಯ ಕಿವಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಉಳಿದದ್ದು ಹೇಗೆ? ಜೌಗು ಪ್ರದೇಶದಲ್ಲಿ ಮಲೇರಿಯಾ, ಹಳದಿ ಜ್ವರ ಜೋರಾಗಿದ್ದವು. ಬೇಸಿಗೆ ಬಂದರೆ ಜಮೀನುದಾರರ ಕುಟುಂಬಗಳು ಊರು ಬಿಟ್ಟು ಹೋಗುತ್ತಿದ್ದವು. ಭತ್ತದ ತೋಟಗಳಿದ್ದ ಜಾರ್ಜ್‌ಟೌನ್ ಸೀಮೆಯಲ್ಲಿ 1860ರ ಹೊತ್ತಿಗೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಗುಲಾಮರು. ಮಕ್ಕಳ ಕಿವಿಗೆ ಬೀಳುತ್ತಿದ್ದದ್ದು ತಮ್ಮವರ ಮಾತು ಮಾತ್ರ. ಗುಲಾಮಗಿರಿ ಹೋದ ಮೇಲೂ ದ್ವೀಪಗಳಿಗೆ ಸೇತುವೆ ಇರಲಿಲ್ಲ. ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆ ಬಂದದ್ದೇ 1956ರಲ್ಲಿ.

ಟರ್ನರ್ ರೆಕಾರ್ಡ್ ಮಾಡಿದ ಒಂದು ಹಾಡಿನ ಕಥೆ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಜಾರ್ಜಿಯಾದ ಹ್ಯಾರಿಸ್ ನೆಕ್ ಎಂಬ ಹಳ್ಳಿಯಲ್ಲಿ ಅಮೀಲಿಯಾ ಡಾಲಿ ಎಂಬ ಹೆಂಗಸು ಅವರಿಗೆ ಐದು ಸಾಲಿನ ಹಾಡೊಂದನ್ನು ಹಾಡಿ ತೋರಿಸಿದರು. ಅರ್ಥ ಅವರಿಗೆ ಗೊತ್ತಿರಲಿಲ್ಲ, ತಾಯಿಯಿಂದ ಮಗಳಿಗೆ ಬಂದ ಹಾಡು. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆಯದು ಎಂದು ತಿಳಿಯಿತು. ದಶಕಗಳ ನಂತರ ಮಾನವಶಾಸ್ತ್ರಜ್ಞ ಜೋಸೆಫ್ ಒಪಾಲಾ, ಸಂಗೀತ ಸಂಶೋಧಕಿ ಸಿಂಥಿಯಾ ಶ್ಮಿಟ್ ಮತ್ತು ಸಿಯೆರಾ ಲಿಯೋನ್‌ನ ಭಾಷಾವಿಜ್ಞಾನಿ ತಾಜಿಯೆಫ್ ಕೊರೊಮಾ ಇದರ ಬೆನ್ನು ಹತ್ತಿದರು. ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಬೆಂಡು ಜಬಾಟಿ ಎಂಬ ಹೆಂಗಸಿಗೆ ಅದೇ ಹಾಡು ಗೊತ್ತಿತ್ತು. ಅವರಿಗೆ ಕಲಿಸಿದ್ದು ಅಜ್ಜಿ. ಸತ್ತವರನ್ನು ಕಳುಹಿಸಿಕೊಡುವಾಗ ಹೆಂಗಸರು ಹೇಳುವ ಹಾಡು ಅದು. ಅಮೀಲಿಯಾ ಮಗಳು ಮೇರಿ ಮೊರನ್ ತಾಯಿಯಿಂದ ಆ ಹಾಡನ್ನು ಕಲಿತಿದ್ದರು. 1997ರಲ್ಲಿ ಅವರು ಆ ಹಳ್ಳಿಗೆ ಹೋದರು. ಇಬ್ಬರೂ ಸೇರಿ ಹಾಡಿದರು.

ಇದಕ್ಕೂ ಮೊದಲು, 1988ರಲ್ಲಿ, ಸಿಯೆರಾ ಲಿಯೋನ್ ಅಧ್ಯಕ್ಷ ಜೋಸೆಫ್ ಮೊಮೊ ದಕ್ಷಿಣ ಕೆರೊಲೈನಾದ ಸೇಂಟ್ ಹೆಲೆನಾ ದ್ವೀಪಕ್ಕೆ ಬಂದಿದ್ದರು. 1862ರಲ್ಲಿ ಬಿಡುಗಡೆಯಾದ ಗುಲಾಮರಿಗಾಗಿ ಶುರುವಾದ ಪೆನ್ ಶಾಲೆ ಇರುವುದು ಅಲ್ಲಿ. ಮೊಮೊ ತಮ್ಮ ದೇಶದ ಕ್ರಿಯೊ ಭಾಷೆ ಮಾತಾಡಿದಾಗ ಗುಲ್ಲಾ ಜನರಿಗೆ ಅದು ಅರ್ಥವಾಯಿತು. ಮರುವರ್ಷ ಗುಲ್ಲಾ ಜನರ ಒಂದು ಗುಂಪು ಸಿಯೆರಾ ಲಿಯೋನ್‌ಗೆ ಹೋಗಿಬಂತು. ಕ್ರಿಯೊ ಮತ್ತು ಗುಲ್ಲಾ ಅಕ್ಕತಂಗಿಯರೋ ತಾಯಿಮಗಳೋ ಎಂಬ ಬಗ್ಗೆ ಭಾಷಾವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಆಫ್ರಿಕಾದ ತೀರದಲ್ಲೇ ಹುಟ್ಟಿದ್ದ ಒಂದು ವ್ಯಾಪಾರದ ಇಂಗ್ಲಿಷ್ ಹಡಗು ಹತ್ತಿ ಬಂತು ಎನ್ನುವವರಿದ್ದಾರೆ. ಬಾರ್ಬಡೋಸ್‌ನಿಂದ ಬಂತು ಎನ್ನುವವರಿದ್ದಾರೆ. ಕೆರೊಲೈನಾದ ತೋಟಗಳಲ್ಲೇ ರೂಪುಗೊಂಡಿತು ಎನ್ನುವವರೂ ಇದ್ದಾರೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ತಪ್ಪಿಸಿಕೊಂಡ ಕೆರೊಲೈನಾ, ವರ್ಜೀನಿಯಾದ ಗುಲಾಮರಲ್ಲಿ ಸುಮಾರು 1,200 ಮಂದಿ ಕೆನಡಾದ ದಾರಿಯಾಗಿ 1792ರಲ್ಲಿ ಫ್ರೀಟೌನ್‌ಗೆ ಹೋಗಿ ಸೇರಿದ್ದರು. ಹಾಗಾಗಿ ಮಾತು ಆ ಕಡೆಗೂ ಹೋಗಿದೆ. ಕ್ರಿಯೊ ಎಂಬ ಹೆಸರಿಗೂ ಎರಡು ಮೂಲ ಹೇಳುತ್ತಾರೆ. ಕ್ರಿಯೋಲ್ ಎಂಬುದೇ ಹ್ರಸ್ವವಾದದ್ದು ಎನ್ನುವವರು ಜಾಸ್ತಿ, ಯೊರುಬಾ ಭಾಷೆಯ ಅಕಿರಿಯೊದಿಂದ ಬಂತು ಎನ್ನುವವರು ಕೆಲವರು.

ಕಳೆದ ನಲವತ್ತು ವರ್ಷಗಳಲ್ಲಿ ಗುಲ್ಲಾ ಪದದ ಅರ್ಥ ಮತ್ತೊಮ್ಮೆ ಬದಲಾಗಿದೆ. ಬೈಗುಳವಾಗಿದ್ದ ಹೆಸರನ್ನು ಜನ ತಾವಾಗಿ ಎತ್ತಿ ಹಣೆಗಿಟ್ಟುಕೊಂಡರು. 2005ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ಗುಲ್ಲಾದಲ್ಲಿ ಅಚ್ಚಾಯಿತು. ಆ ಕೆಲಸ ಶುರುವಾಗಿ ಆಗಲೇ ಇಪ್ಪತ್ತೈದು ವರ್ಷ ದಾಟಿತ್ತು. ದೇವರ ಮಾತನ್ನು ತಮ್ಮ ಮನೆಮಾತಿನಲ್ಲಿ ಓದಬಹುದು ಎಂಬುದೇ ಎಷ್ಟೋ ಹಿರಿಯರಿಗೆ ಹೊಸ ಸಂಗತಿ. 2006ರಲ್ಲಿ ಅಮೆರಿಕದ ಸಂಸತ್ತು ಉತ್ತರ ಕೆರೊಲೈನಾದಿಂದ ಫ್ಲಾರಿಡಾವರೆಗಿನ ಕರಾವಳಿಯನ್ನು ಗುಲ್ಲಾ ಗೀಚಿ ಸಾಂಸ್ಕೃತಿಕ ಪರಂಪರೆಯ ವಲಯ ಎಂದು ಗುರುತಿಸಿತು. ದಕ್ಷಿಣ ಕೆರೊಲೈನಾದ ಸಂಸದ ಜೇಮ್ಸ್ ಕ್ಲೈಬರ್ನ್ ಇದಕ್ಕಾಗಿ ದುಡಿದವರು. 2017ರಿಂದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗುಲ್ಲಾ ಕಲಿಸುತ್ತಿದ್ದಾರೆ.

ಈಗ ಎರಡೂ ಹೆಸರುಗಳನ್ನು ಸೇರಿಸಿ ಹೇಳುವುದು ರೂಢಿ. ಆದರೂ ಊರೂರಿಗೆ ವ್ಯತ್ಯಾಸ ಇದೆ. ಜಾರ್ಜಿಯಾದ ಸಪೆಲೊ ದ್ವೀಪದವರನ್ನು ಕೇಳಿದರೆ ನಾವು ಗೀಚಿ, ಅದರಲ್ಲೂ ಉಪ್ಪುನೀರಿನ ಗೀಚಿ ಎನ್ನುತ್ತಾರೆ. ಒಳನಾಡಿನವರು ಸಿಹಿನೀರಿನ ಗೀಚಿಗಳು.

ಹೆಸರಿಗೆ ಗೌರವ ಬಂದ ಕಾಲದಲ್ಲೇ ನೆಲ ಕೈಜಾರುತ್ತಿರುವುದು ಬಹಳ ಸಂಕಟದ ವಿಷಯ. ಅಮೀಲಿಯಾ ಡಾಲಿಯ ಹ್ಯಾರಿಸ್ ನೆಕ್ ಹಳ್ಳಿಯನ್ನು ಸರ್ಕಾರ 1942ರಲ್ಲಿ ಸೇನೆಯ ವಿಮಾನ ನಿಲ್ದಾಣಕ್ಕೆಂದು ವಶಪಡಿಸಿಕೊಂಡಿತು. ಅದು ಜನರಿಗೆ ಮರಳಿ ಸಿಗಲಿಲ್ಲ, ಈಗ ಅಲ್ಲಿ ವನ್ಯಜೀವಿ ಧಾಮವಿದೆ. ಹಿಲ್ಟನ್ ಹೆಡ್ ತುಂಬ ಗಾಲ್ಫ್ ಮೈದಾನ, ರೆಸಾರ್ಟ್‌ಗಳಾದವು. ಅನೇಕ ಕುಟುಂಬಗಳ ಜಮೀನಿಗೆ ಉಯಿಲು ಇಲ್ಲ, ಪಾಲು ಆಗಿಲ್ಲ, ಎಲ್ಲ ವಾರಸುದಾರರಿಗೂ ಒಟ್ಟಿಗೆ ಸೇರಿದ್ದು. ದೂರದ ಊರಿನಲ್ಲಿರುವ ಒಬ್ಬ ವಾರಸುದಾರನ ಪಾಲನ್ನು ಹೊರಗಿನವರು ಕೊಂಡು, ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಹರಾಜಿಗೆ ತರಿಸುತ್ತಾರೆ. ಸಪೆಲೊದಲ್ಲಿ ಉಳಿದಿರುವ ಒಂದೇ ಒಂದು ಗೀಚಿ ಊರು ಹಾಗ್ ಹಮಕ್. ಅಲ್ಲಿ ಮನೆಗಳು 1,400 ಚದರಡಿ ಮೀರಬಾರದು ಎಂಬ ನಿಯಮ ಇತ್ತು. ದೊಡ್ಡ ಬಂಗಲೆಗಳು ಎದ್ದು ತೆರಿಗೆ ಏರಿ ಹಳಬರು ಜಾಗ ಖಾಲಿ ಮಾಡುವಂತಾಗಬಾರದು ಎಂಬುದು ಅದರ ಉದ್ದೇಶ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟಿ ಆಡಳಿತ ಆ ಮಿತಿಯನ್ನು 3,000 ಚದರಡಿಗೆ ಏರಿಸಿತು. ಇದನ್ನು ಜನರೇ ಮತ ಹಾಕಿ ತೀರ್ಮಾನಿಸಬೇಕು ಎಂದು ದ್ವೀಪದವರು ಸಹಿ ಸಂಗ್ರಹಿಸಿದರು, ಕೋರ್ಟಿನ ಮೆಟ್ಟಿಲು ಹತ್ತಿದರು.